ಗುಂಪಿನಲ್ಲಿ ಗೋವಿಂದ: ಆಟದಾಚೆಯ ಅಂಕಗಳು

‘ಗುಂಪಿನಲ್ಲಿ ಗೋವಿಂದ’ ಎಂಬುದು ಹಳೆಯ ಮಾತು. ನೂರು ಜನ ಒಟ್ಟಿಗೆ ಕೂಗಿದಾಗ ಯಾರದು ಭಕ್ತಿ, ಯಾರದು ಬರೀ ಬಾಯಿ ಎಂದು ಗೊತ್ತಾಗುವುದಿಲ್ಲ. ಕೂಗು ಮಾತ್ರ ದೊಡ್ಡದಾಗಿ ಕೇಳುತ್ತದೆ. ವಿಡಿಯೋ ಆಟಗಳ ಮಾರುಕಟ್ಟೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆಡಿದವರು ಆಟದ ಬಗ್ಗೆ ನಾಲ್ಕು ಮಾತು ಬರೆದು ಅಂಕ ಕೊಡುವ ಪದ್ಧತಿ ಅಲ್ಲಿದೆ. ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವನಿಗೆ ಆ ಅಂಕವೇ ದಾರಿದೀಪ. ಸಾವಿರಾರು ಜನ ಗುಂಪುಗೂಡಿ, ಒಂದೇ ಸಮನೆ ಕೆಟ್ಟ ಅಂಕ ಸುರಿದು ಆ ದೀಪವನ್ನು ಆರಿಸುವುದಕ್ಕೆ ‘ರಿವ್ಯೂ ಬಾಂಬಿಂಗ್’ ಎಂದು ಹೆಸರು. ವಿಮರ್ಶೆಯ ಹೆಸರಿನಲ್ಲಿ ನಡೆಯುವ ಬಾಂಬು ದಾಳಿ ಎನ್ನಬಹುದು.

ಇದರಲ್ಲಿ ಹೆಸರಾದ ಆರಂಭದ ಪ್ರಕರಣಗಳಲ್ಲಿ ಒಂದು 2008ರ ಸೆಪ್ಟೆಂಬರಿನದು. ‘ಸ್ಪೋರ್’ ಎಂಬ ಆಟ ಆಗ ಬಿಡುಗಡೆಯಾಯಿತು. ನಕಲು ತಡೆಯುವುದಕ್ಕೆಂದು, ಹಣ ಕೊಟ್ಟು ಕೊಂಡವರೂ ಅದನ್ನು ಮೂರು ಸಲ ಮಾತ್ರ ಕಂಪ್ಯೂಟರಿಗೆ ಅಳವಡಿಸಬಹುದು ಎಂಬ ಕಟ್ಟಳೆ ಇತ್ತು. ಸಿಟ್ಟಿಗೆದ್ದ ಗಿರಾಕಿಗಳು ಅಮೆಜಾನ್ ಮಳಿಗೆಯಲ್ಲಿ ಎರಡು ಸಾವಿರದಷ್ಟು ಒಂಟಿ ನಕ್ಷತ್ರಗಳನ್ನು ಸುರಿದರು. ತಯಾರಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಮಿತಿಯನ್ನು ಐದಕ್ಕೆ ಏರಿಸಿತು.

2024ರಲ್ಲಿ ಇದೇ ಅಸ್ತ್ರ ಇನ್ನೂ ಬಿರುಸಾಗಿ ಬಂದಿತು. ‘ಹೆಲ್‌ಡೈವರ್ಸ್ 2’ ಎಂಬ ಜನಪ್ರಿಯ ಆಟವನ್ನು ಕಂಪ್ಯೂಟರಿನಲ್ಲಿ ಆಡುವವರೆಲ್ಲ ಸೋನಿ ಸಂಸ್ಥೆಯ ಖಾತೆ ತೆರೆಯಲೇಬೇಕೆಂದು ಆ ಮೇ ತಿಂಗಳಲ್ಲಿ ಪ್ರಕಟಣೆ ಹೊರಟಿತು. ಅನೇಕ ದೇಶಗಳಲ್ಲಿ ಅಂಥ ಖಾತೆ ತೆರೆಯುವ ಅವಕಾಶವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ‘ಸ್ಟೀಮ್’ ಮಳಿಗೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರತಿಕೂಲ ಅಭಿಪ್ರಾಯಗಳು ಬಿದ್ದವು. ಸೋನಿ ಆ ಯೋಜನೆಯನ್ನು ಕೈಬಿಟ್ಟಿತು. ಗಿರಾಕಿಗೆ ದೂರು ಹೇಳಲು ಬೇರೆ ಬಾಗಿಲಿಲ್ಲದಾಗ ಈ ಬಾಗಿಲನ್ನು ಬಡಿದದ್ದು ತಪ್ಪೆನ್ನುವುದು ಹೇಗೆ?

ಆದರೆ ಅದೇ ಬಾಗಿಲನ್ನು ಬೇರೆ ಉದ್ದೇಶಕ್ಕೂ ಬಡಿಯಬಹುದು. ‘ದಿ ಲಾಸ್ಟ್ ಆಫ್ ಅಸ್ ಭಾಗ 2’ 2020ರ ಜೂನ್ 19ರಂದು ಹೊರಬಂದಿತು. ಆಡಿ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಆಟ ಅದು. ಬಿಡುಗಡೆಯ ದಿನವೇ ‘ಮೆಟಾಕ್ರಿಟಿಕ್’ನಲ್ಲಿ ಸೊನ್ನೆಗಳ ಮಳೆ ಸುರಿಯಿತು. ಕಥೆಯ ಗುಟ್ಟುಗಳು ಮೊದಲೇ ಸೋರಿಹೋಗಿದ್ದವು. ಮೆಚ್ಚಿನ ಪಾತ್ರಕ್ಕಾದ ಗತಿ ಕೆಲವರಿಗೆ ಹಿಡಿಸಲಿಲ್ಲ. ಸಲಿಂಗಪ್ರೇಮಿಯಾದ ನಾಯಕಿಯನ್ನು ಕೆಲವರು ಒಪ್ಪಲಿಲ್ಲ. ಆಡಿದ ಪುರಾವೆಯನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ವಿಮರ್ಶಕರು ನೂರಕ್ಕೆ ತೊಂಬತ್ತರ ಮೇಲೆ ಕೊಟ್ಟ ಆಟಕ್ಕೆ ಜನರ ಅಂಕ ಮೊದಲ ದಿನಗಳಲ್ಲಿ ಹತ್ತಕ್ಕೆ ನಾಲ್ಕನ್ನೂ ಮುಟ್ಟಲಿಲ್ಲ. ಇದಕ್ಕೆ ಉತ್ತರವೆಂಬಂತೆ ಇನ್ನು ಕೆಲವರು ಹತ್ತಕ್ಕೆ ಹತ್ತು ಕೊಡುತ್ತಾ ಬಂದರು. ಎರಡೂ ಕಡೆಯ ಗದ್ದಲದಲ್ಲಿ ಪ್ರಾಮಾಣಿಕವಾಗಿ ಏಳು ಕೊಟ್ಟವನ ದನಿ ಅಡಗಿಹೋಯಿತು.

ದಾಳಿ ಯಾವಾಗಲೂ ಬೈಗುಳದ್ದೇ ಆಗಬೇಕಿಲ್ಲ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ, ಆ ಚರ್ಚಿನ ಭವ್ಯ ಚಿತ್ರಣವಿದ್ದ 2014ರ ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ಯನ್ನು ಯೂಬಿಸಾಫ್ಟ್ ಕೆಲವು ದಿನ ಉಚಿತವಾಗಿ ಹಂಚಿತು. ಕೂಡಲೇ ಹಳೆಯ ಆಟಕ್ಕೆ ಹೊಗಳಿಕೆಯ ಹೊಳೆ ಹರಿಯಿತು. ಆಟ ಮಾತ್ರ ಬದಲಾಗಿರಲಿಲ್ಲ.

ಮಳಿಗೆಗಳು ಕೈಕಟ್ಟಿ ಕುಳಿತಿಲ್ಲ. ಬಿಡುಗಡೆಯಾದ 36 ಗಂಟೆಗಳವರೆಗೆ ಜನರ ಅಭಿಪ್ರಾಯ ಸ್ವೀಕರಿಸುವುದಿಲ್ಲವೆಂದು ಮೆಟಾಕ್ರಿಟಿಕ್ 2020ರ ಜುಲೈನಲ್ಲಿ ನಿಯಮ ಮಾಡಿತು. ಸ್ಟೀಮ್‌ನ ಒಡೆತನದ ವಾಲ್ವ್ ಸಂಸ್ಥೆ 2017ರಲ್ಲಿ, ಯಾವ ದಿನ ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ತೆಗಳಿದರು ಎಂಬ ನಕ್ಷೆಯನ್ನು ಕೊಟ್ಟಿತು. 2019ರ ಮಾರ್ಚಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಆಟಕ್ಕೆ ಸಂಬಂಧಿಸದ ದಾಳಿ ಕಂಡುಬಂದರೆ ಆ ಅವಧಿಯ ಅಭಿಪ್ರಾಯಗಳನ್ನು ಅಂಕದ ಲೆಕ್ಕದಿಂದ ಬಿಡುವುದಾಗಿ ಸಾರಿತು. ಬರಹಗಳು ಅಳಿಯುವುದಿಲ್ಲ; ಬೇಕಾದವರು ಅವನ್ನೂ ಲೆಕ್ಕಕ್ಕೆ ಸೇರಿಸಿ ನೋಡಬಹುದು.

ತೊಡಕಿರುವುದು ಇಲ್ಲೇ. ಸಂಬಂಧಿಸಿದ್ದು ಯಾವುದು, ಸಂಬಂಧಿಸದ್ದು ಯಾವುದು ಎಂದು ತೀರ್ಮಾನಿಸುವವರು ಯಾರು? ಆಟವನ್ನು ಮಾರಿ ಪಾಲು ಪಡೆಯುವ ಅಂಗಡಿಯವರೇ. ನಕಲು ತಡೆಯ ಬೀಗ, ಬಳಕೆಯ ಕರಾರು ಇವುಗಳ ವಿರುದ್ಧದ ಸಾಮೂಹಿಕ ದೂರುಗಳನ್ನೂ ‘ಸಂಬಂಧಿಸದ’ ಪಟ್ಟಿಗೇ ಸೇರಿಸುವುದಾಗಿ ವಾಲ್ವ್ ಅಂದೇ ಹೇಳಿತ್ತು. ಆ ಅಳತೆಯಲ್ಲಿ ನೋಡಿದರೆ ‘ಸ್ಪೋರ್’ ಕೊಂಡವರ ನ್ಯಾಯವಾದ ದೂರಿಗೂ ಜಾಗವಿಲ್ಲ. ಕಳೆಯ ಜೊತೆ ಪೈರೂ ಹೋಗುತ್ತದೆ.

ಆಟ ಹೇಗಿದೆ ಎನ್ನುವುದು ಒಂದು ಪ್ರಶ್ನೆ, ಮಾರಿದವನ ನಡತೆ ಹೇಗಿದೆ ಎನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಅಂಕದಿಂದ ಉತ್ತರ ಕೊಡಲು ಹೊರಟದ್ದರಿಂದ ಈ ರಗಳೆ ಹುಟ್ಟಿದೆ. ದೂರಿಗೆ ಬೇರೆಯೇ ಒಂದು ಜಾಗ ದೊರೆತರೆ ಅಂಕದ ಮೇಲಿನ ಭಾರ ಇಳಿದೀತು. ಅಲ್ಲಿಯವರೆಗೆ ಕೊಳ್ಳುವವರು ಅಂಕವೊಂದನ್ನೇ ನಂಬದೆ, ಬರೆದವನು ಎಷ್ಟು ಹೊತ್ತು ಆಡಿದ್ದಾನೆ, ಯಾವ ದಿನ ಬರೆದಿದ್ದಾನೆ, ಏನು ಕಾರಣ ಕೊಟ್ಟಿದ್ದಾನೆ ಎಂಬುದನ್ನು ಓದಿ ನೋಡುವುದು ಒಳ್ಳೆಯದು.