ನೊಂದವರ ನೆರವಿಗೆ ನಮ್ಮ ಕರ್ತವ್ಯ

(ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ಹಿರಿಯರು ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷ ತುಂಬಿದ ಶುಭಸಂದರ್ಭದಲ್ಲಿ ನಾವು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇವೆ. ಆದರೆ ಈ ಕೃತಜ್ಞತೆಯು ದೀಪಾಲಂಕಾರದಲ್ಲಿಯೂ ಮೆರವಣಿಗೆಯಲ್ಲಿಯೂ ಮುಗಿದುಹೋಗಬಾರದು. ಆದುದರಿಂದ ವಿಪತ್ತಿಗೆ ಸಿಲುಕಿದವರಿಗೆ ನೆರವಾಗುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳೋಣ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದು, ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದುದನ್ನು ನೀವೆಲ್ಲರೂ ಬಲ್ಲಿರಿ. ಅಂದು ಬಲಿಪೂಜೆಯ ಕೊನೆಯಲ್ಲಿ ನಾವು ಕರೆಕೊಟ್ಟೆವು. ಮೂರೇ ದಿನಗಳಲ್ಲಿ ನಮ್ಮ ಸಭಾಂಗಣವು ಬಟ್ಟೆಯ ಗಂಟುಗಳಿಂದ ತುಂಬಿತು. ಲಾರಿಯಲ್ಲಿ ಕಳುಹಿಸಿ ಸಮಾಧಾನಪಟ್ಟೆವು. ಅನಂತರ ಪರಿಹಾರ ಶಿಬಿರಕ್ಕೆ ಹೋದಾಗ, ಅದೇ ಗಂಟುಗಳು ಬಿಚ್ಚದೆಯೇ ಜಗಲಿಯ ಮೇಲೆ ಮಳೆಗೆ ನೆನೆಯುತ್ತಿದ್ದವು. ಅಲ್ಲಿದ್ದ ತಾಯಿಯೊಬ್ಬರು ಮೆಲ್ಲನೆ ಹೇಳಿದರು: "ಫಾದರ್, ಬಟ್ಟೆ ಬೇಕಾದಷ್ಟಿದೆ. ಮನೆಯ ಹಕ್ಕುಪತ್ರ, ಪಡಿತರ ಚೀಟಿ, ಮಗನ ಪುಸ್ತಕ ಎಲ್ಲ ಮಣ್ಣಿನಡಿ ಹೋದವು. ಅದಕ್ಕೆ ಯಾರನ್ನು ಕೇಳಬೇಕು?" ನಾವು ನಿರುತ್ತರರಾದೆವು. ನಮ್ಮಲ್ಲಿ ಹೆಚ್ಚಾದುದನ್ನು ಕೊಟ್ಟಿದ್ದೆವೇ ಹೊರತು, ಅವರಲ್ಲಿ ಇಲ್ಲದುದು ಯಾವುದೆಂದು ಕೇಳಿರಲಿಲ್ಲ.

ಆದಿ ಧರ್ಮಸಭೆಯು ನಮಗೆ ದಾರಿ ತೋರಿಸಿದೆ. ಕ್ಲಾಡಿಯಸ್ ಚಕ್ರವರ್ತಿಯ ಕಾಲದ ಕ್ಷಾಮದಲ್ಲಿ ಅಂತಿಯೋಕ್ಯದ ವಿಶ್ವಾಸಿಗಳು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ, ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯಕ್ಕೆ ಕಳುಹಿಸಿದರು. ಮುಂದೆ ಸಂತ ಪೌಲರು ಇಂತಹುದೇ ಕಾಣಿಕೆಯ ವಿಷಯದಲ್ಲಿ ಯಾರೂ ತಪ್ಪೆಣಿಸಬಾರದೆಂದು, ಧರ್ಮಸಭೆಗಳು ಆರಿಸಿದವರನ್ನೇ ಜೊತೆಗೆ ನೇಮಿಸಿಕೊಂಡರು. ಪ್ರೀತಿಗೂ ಲೆಕ್ಕಪತ್ರ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಕೇಳಿ ಕೊಡೋಣ. ಹಣವಿದ್ದರೆ ಬೇಕಾದ ವಸ್ತುವನ್ನು ಆ ಊರಿನ ಸಮೀಪದಲ್ಲಿಯೇ ಕೊಳ್ಳಬಹುದು. ಅಲ್ಲಿಯ ಸಣ್ಣ ಅಂಗಡಿಯವನೂ ಬದುಕುತ್ತಾನೆ. ಬಂದ ಹಣ, ಖರ್ಚಾದ ಹಣ ಎರಡನ್ನೂ ದೇವಾಲಯದ ಬಾಗಿಲಲ್ಲಿ ಬರೆದು ಹಾಕೋಣ.

ಎರಡನೆಯದಾಗಿ, ವಿಪತ್ತು ಬರುವ ಮೊದಲೇ ಸಿದ್ಧರಾಗೋಣ. ಪ್ರತಿಯೊಂದು ಬೀದಿಯಲ್ಲಿ ಹಾಸಿಗೆ ಹಿಡಿದವರು, ಒಂಟಿ ವೃದ್ಧರು, ಗರ್ಭಿಣಿಯರು ಯಾರಿದ್ದಾರೆಂಬುದು ನೆರೆಯವರಿಗೆ ತಿಳಿದಿರಲಿ. ಯುವಕ ಯುವತಿಯರು ಪ್ರಥಮ ಚಿಕಿತ್ಸೆ ಕಲಿಯಲಿ. ನೆರೆ ಇಳಿದ ಮೇಲೆ ವಾಂತಿಭೇದಿ ಹರಡುವುದುಂಟು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮಮಟ್ಟದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಸುವುದನ್ನು ಪ್ರತಿಯೊಬ್ಬ ತಾಯಿಯೂ ಅರಿತಿರಲಿ.

ಮೂರನೆಯದಾಗಿ, ಜೊತೆಗಿರೋಣ. 1833ರಲ್ಲಿ ಪ್ಯಾರಿಸ್ ನಗರದಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಂ ಹಾಗೂ ಅವರ ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ಬಡವರ ಮನೆಗೇ ಹೋಗುವುದನ್ನು ತನ್ನ ಮುಖ್ಯ ಸೇವೆಯಾಗಿಸಿಕೊಂಡಿತು. ಲಾರಿಗಳೂ ಛಾಯಾಚಿತ್ರಕಾರರೂ ಹಿಂದಿರುಗಿದ ಮೇಲೆಯೇ ನಿಜವಾದ ಕಷ್ಟ ಆರಂಭವಾಗುವುದು. ನಮ್ಮಲ್ಲಿ ನಿವೃತ್ತ ಗುಮಾಸ್ತರಿದ್ದಾರೆ, ಉಪಾಧ್ಯಾಯರಿದ್ದಾರೆ. ಅವರು ಒಂದು ಅರ್ಜಿ ಬರೆದುಕೊಟ್ಟು ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ನಡೆದರೆ, ಆ ತಾಯಿಯ ಪ್ರಶ್ನೆಗೆ ಉತ್ತರ ದೊರೆತಂತಾಗುತ್ತದೆ.

ಕೊನೆಯದಾಗಿ, ಜಾತಿ ಮತಗಳನ್ನು ಕೇಳದಿರೋಣ. ಪರಿಹಾರ ಕಾರ್ಯವನ್ನು ಯಾವುದೇ ಮತದ ಪ್ರಚಾರಕ್ಕೆ ಬಳಸಬಾರದೆಂಬ 1994ರ ನೀತಿಸಂಹಿತೆಯನ್ನು ರೆಡ್‌ಕ್ರಾಸ್ ಜೊತೆಗೆ ನಮ್ಮ ಕಾರಿತಾಸ್ ಸಂಸ್ಥೆಯೂ ಎತ್ತಿಹಿಡಿದಿದೆ. ಗಾಯಗೊಂಡು ದಾರಿಯಲ್ಲಿ ಬಿದ್ದವನ ಮತ ಯಾವುದೆಂದು ಸಮಾರಿಯದವನು ವಿಚಾರಿಸಲಿಲ್ಲ.

ಪ್ರಿಯರೇ, ಈ ಉತ್ಸವದ ಕಾಣಿಕೆಯ ಹತ್ತರಲ್ಲೊಂದು ಪಾಲನ್ನು ವಿಪತ್ತು ನಿಧಿಯಾಗಿ ಮೀಸಲಿಡಬೇಕೆಂದು ನಿಮ್ಮೆಲ್ಲರಲ್ಲಿ ಬಿನ್ನವಿಸುತ್ತೇವೆ. ಗೋಪುರದ ಬಣ್ಣ ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಮುಂದಿನ ಮಳೆಗಾಲದಲ್ಲಿ ಯಾರಾದರೂ ನಮ್ಮ ಬಾಗಿಲು ತಟ್ಟಿದರೆ, ನಾವು ಗಂಟನ್ನು ಹುಡುಕದೆ, ಮೊದಲು ಅವರನ್ನು ಕೂರಿಸಿ ಏನು ಬೇಕೆಂದು ಕೇಳುವಂತಾಗಲಿ. ಪ್ರಭುವಿನ ಆಶೀರ್ವಾದ ನಿಮ್ಮೆಲ್ಲರ ಮೇಲಿರಲಿ.