ಒಂದೇ ಹುಣ್ಣಿಮೆಯ ಕೆಳಗೆ



ಧಾರವಾಡ ಜಿಲ್ಲೆಯ ಶಲವಡಿ ನನ್ನ ಊರು. ಎರಿಭೂಮಿಯಲ್ಲಿ ಹೆಸರು, ಹತ್ತಿ, ಕಡಲೆ, ಬಿಳಿಜೋಳ ಬೆಳೆದು ಬದುಕಿದ ಮನೆತನ ನಮ್ಮದು. ಒಣಬೇಸಾಯ ಕಲಿಯಲೆಂದು 2022ರ ಸೆಪ್ಟೆಂಬರಿನಿಂದ ಒಂದು ವರ್ಷ ನಾನು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿದ್ದೆ. ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸ್ದೆ ಬೋಕರ್ ಆವರಣದಲ್ಲಿ ನನ್ನ ವಾಸ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರು. ನಮ್ಮ ಕಡೆ ಬರಗಾಲವೆಂದು ಗೋಳಾಡುವ ವರ್ಷದಲ್ಲೂ ಇದಕ್ಕಿಂತ ಹೆಚ್ಚು ಬಿದ್ದಿರುತ್ತದೆ. ಓದಿದ್ದರ ಮಾತು ಇನ್ನೊಮ್ಮೆ ಆಡೋಣ. ಈ ಹೊತ್ತು ಗೆಳೆಯರ ಜೊತೆ ಉಂಡ ಹಬ್ಬಗಳ ಮಾತು.

ಹೋಗಿ ಹತ್ತು ಹನ್ನೆರಡು ದಿನವಾಗಿರಬಹುದು, ಅಕ್ಟೋಬರ್ 5ರಂದು ರಸ್ತೆಯಲ್ಲಿ ಒಂದು ವಾಹನವೂ ಇಲ್ಲ. ಹೆದ್ದಾರಿಯ ನಡುವೆ ಹುಡುಗರು ಸೈಕಲ್ ಹೊಡೆಯುತ್ತಿದ್ದರು. ಅದು ಯೋಮ್ ಕಿಪ್ಪುರ್. ಯೆಹೂದ್ಯರು 25 ತಾಸು ನೀರನ್ನೂ ಮುಟ್ಟದೆ ಉಪವಾಸವಿರುವ ದಿನ. ಅದಕ್ಕೂ ಮೊದಲು, ವರ್ಷದಲ್ಲಿ ಯಾರ ಮನಸ್ಸನ್ನು ನೋಯಿಸಿದ್ದಾರೋ ಅವರ ಬಳಿಗೇ ಹೋಗಿ ಕ್ಷಮೆ ಕೇಳಬೇಕು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯ ಕ್ಷಮಿಸದೆ ದೇವರು ಕ್ಷಮಿಸುವುದಿಲ್ಲ ಎಂಬುದು ಅವರ ನಂಬಿಕೆ. ಸಂಜೆ ಊರಿನಿಂದ ಅವ್ವನ ಫೋನು ಬಂತು. “ತಮ್ಮಾ, ಇವತ್ತ ಬನ್ನಿ ಕೊಡೋ ದಿನ, ನಿನಗ ಅಲ್ಲಿ ಬನ್ನಿ ಯಾರು ಕೊಟ್ಟಾರು?” ಎಂದಳು. ಆಗಲೇ ಹೊಳೆದದ್ದು, ಅದೇ ದಿನ ನಮ್ಮ ವಿಜಯದಶಮಿ. ವೈರ ಮರೆತು ಬಂಗಾರದಂತೆ ಇರೋಣ ಎಂದು ನಾವು ಬನ್ನಿ ಎಲೆ ಕೈಗಿಡುವುದೂ ಅಂದೇ.

ಇದು ಆಕಸ್ಮಿಕವಲ್ಲ. ಅವರ ಪಂಚಾಂಗವೂ ನಮ್ಮಂತೆ ಚಂದ್ರನನ್ನು ಅನುಸರಿಸುತ್ತದೆ, ಸೂರ್ಯನೊಡನೆ ಹೊಂದಿಸಿಕೊಳ್ಳುತ್ತದೆ. 19 ವರ್ಷಗಳಲ್ಲಿ 7 ಸಲ ಅವರಿಗೂ ಅಧಿಕಮಾಸ ಬರುತ್ತದೆ. ಯೋಮ್ ಕಿಪ್ಪುರ್ ಅವರ ತಿಶ್ರಿ ತಿಂಗಳ ಹತ್ತನೆಯ ದಿನ. ಹೀಗಾಗಿ ಬಹಳಷ್ಟು ವರ್ಷ ಅವರ ದೊಡ್ಡ ಹಬ್ಬಗಳು ನಮ್ಮ ಹುಣ್ಣಿಮೆಗಳ ಮಗ್ಗುಲಲ್ಲೇ ಬರುತ್ತವೆ.

ನಾಲ್ಕು ದಿನ ಕಳೆದು ಶೀಗಿಹುಣ್ಣಿಮೆ. ಅಲ್ಲಿ ಅಂದು ಸುಕ್ಕೋತ್. ಮನೆಯ ಮುಂದೆ ಒಂದು ಗುಡಿಸಲು ಕಟ್ಟಿ ಏಳು ದಿನ ಅದರಲ್ಲೇ ಉಣ್ಣುತ್ತಾರೆ. ಹೊದಿಕೆ ಸೊಪ್ಪು ಗರಿಗಳದೇ ಆಗಬೇಕು, ಸಂದಿನಿಂದ ಚಿಕ್ಕೆ ಕಾಣಬೇಕು. ಈಜಿಪ್ತಿನ ಗುಲಾಮಗಿರಿಯಿಂದ ಪಾರಾದ ಪೂರ್ವಜರು ಮರುಭೂಮಿಯಲ್ಲಿ ಅಲೆದ ನೆನಪು ಅದು, ಸುಗ್ಗಿಯ ಹಬ್ಬವೂ ಹೌದು. ಪೂಜೆಗೆ ಖರ್ಜೂರದ ಗರಿಯ ಜೊತೆ ಹಿಡಿಯುವ ಹಣ್ಣನ್ನು ನೋಡಿದರೆ ನಮ್ಮ ಮಾದಳ! ಗರಿ ಕಟ್ಟಲು ನಾನೂ ಕೈಹಚ್ಚಿದೆ. ಹೊಲ ಕಾಯುವ ಗುಡಿಸಲು ಕಟ್ಟಿದ ಕೈ, ಗಂಟು ಬಿಗಿಯಾಗಿಯೇ ಬಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಗತಿ ಹೇಳಿದಾಗ ಗೆಳೆಯರು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು.

ಶುಕ್ರವಾರ ಮಧ್ಯಾಹ್ನ ದಾಟಿದರೆ ಅಲ್ಲಿ ಬಸ್ಸು ಸಿಗುವುದು ಕಷ್ಟ, ಶನಿವಾರ ಕತ್ತಲಾದ ಮೇಲೆಯೇ ಸಂಚಾರ. ಅದನ್ನು ನೋಡಿಕೊಂಡು ತಿರುಗಾಡಿದೆವು. ಅವ್ದಾತ್‌ನಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ನಬಾತಿಯರ ಊರಿದೆ. ಇಪ್ಪತ್ತು ಎಕರೆಗೂ ಮಿಕ್ಕ ಗುಡ್ಡದ ಮೇಲಿನ ನೀರನ್ನು ಒಡ್ಡಿನಿಂದ ಒಂದು ಎಕರೆಗೆ ತಿರುಗಿಸುವ ಹಳೆಯ ಬೇಸಾಯವನ್ನು ಮೈಕೆಲ್ ಎವೆನಾರಿ ಎಂಬ ವಿಜ್ಞಾನಿ ಅಲ್ಲಿ ಮತ್ತೆ ಮಾಡಿ ತೋರಿಸಿದರು. ನೆವಾತಿಮ್ ಎಂಬ ಊರಿನಲ್ಲಿ ಕೊಚ್ಚಿಯಿಂದ ಹೋದ ಯೆಹೂದ್ಯರಿದ್ದಾರೆ.

ದಿಮೋನಾದಲ್ಲಿ ಕೊಂಕಣದಿಂದ ಹೋದ ಬೆನೆ ಇಸ್ರೇಲರು ಬಹಳ. ಒಂದು ಕಾಲಕ್ಕೆ ಗಾಣ ಹಾಕಿ ಬದುಕಿದವರು, ಶನಿವಾರ ಗಾಣ ಕಟ್ಟದ್ದರಿಂದ ಶನಿವಾರ ತೇಲಿ ಎನಿಸಿಕೊಂಡವರು. 2023ರ ಫೆಬ್ರವರಿಯಲ್ಲಿ, ಸವದತ್ತಿಯಲ್ಲಿ ಎಲ್ಲಮ್ಮನ ಭಾರತಹುಣ್ಣಿಮೆ ನಡೆದಿದ್ದಾಗ, ಗೆಳೆಯನೊಬ್ಬನ ಅಜ್ಜಿಯ ಮನೆಗೆ ಹೋದೆ. ಆಕೆ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವಲಕ್ಕಿ, ಕೊಬ್ಬರಿ, ಸಕ್ಕರೆ, ಹಣ್ಣು ಕಲಸಿ ಎಡೆ ಮಾಡಿದ್ದಳು. ಹೆಸರು ಮಲೀದಾ. ನಮ್ಮಲ್ಲಿ ಮೊಹರಮ್ಮಿಗೆ ಮಾಡುವ ಮಾಲ್ದಿ ನೆನಪಾಗಿ ಗಂಟಲು ತುಂಬಿತು. ಅಜ್ಜಿ ಮರಾಠಿಯಲ್ಲಿ ಇನ್ನೊಂದು ಹಿಡಿ ಹಾಕಿಕೋ ಎಂದಳು. ನನಗೆ ತಿಳಿಯಿತು. ಧಾರವಾಡದ ಕಡೆಯವನಲ್ಲವೇ!

ಮಾರ್ಚಿನಲ್ಲಿ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನಿಗೆ ಜನ ಸೇರುವಾಗ ಅಲ್ಲಿ ಪುರಿಮ್, ವೇಷ ಹಾಕಿ ಗದ್ದಲ ಮಾಡುವ ಹಬ್ಬ. ಏಪ್ರಿಲ್ 5ರ ರಾತ್ರಿ, ದವನದ ಹುಣ್ಣಿಮೆಯ ಹೊತ್ತಿಗೆ ಪೆಸಹಾ. ಹುಳಿ ಬರಿಸದ ರೊಟ್ಟಿ, ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಬೇಕು. ಕಹಿ ಬೇರು, ಅದರ ಜೊತೆ ಸಿಹಿ ಹಣ್ಣಿನ ಚಟ್ನಿ: ಹದಿನೈದು ದಿನದ ಹಿಂದಷ್ಟೇ ನಾನು ಒಬ್ಬನೇ ತಿಂದ ಬೇವು ಬೆಲ್ಲ! ಮನೆಯ ಕಿರಿಯ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಬಿಡುಗಡೆಯ ಕಥೆ ಹೇಳಬೇಕು. ಅದೇ ವಾರ ರಂಜಾನ್ ಇತ್ತು. ರಹಾತ್ ಊರಿನ ಬೆದುಯಿನ್ ಸಹಪಾಠಿಯ ಮನೆಯಲ್ಲಿ ಇಫ್ತಾರಿಗೆ ಕುಳಿತೆವು. ಕರೆದವನು ಮುಸ್ಲಿಮ, ಕಾರು ಓಡಿಸಿದವನು ಯೆಹೂದಿ, ಮೊದಲ ಖರ್ಜೂರ ಕೈಗೆ ಬಂದದ್ದು ಶಲವಡಿಯವನಿಗೆ.

ಆಗಸ್ಟಿನಲ್ಲಿ ಊರಿಗೆ ಬಂದೆ. ಆ ವರ್ಷ ನಮಗೆ ಅಧಿಕ ಶ್ರಾವಣ, ಅವರ ಅಧಿಕಮಾಸ 2024ಕ್ಕೆ. ಆದ್ದರಿಂದ ಹಬ್ಬಗಳು ಒಂದು ತಿಂಗಳು ಅಗಲಿದವು. ಅವರ ಸುಕ್ಕೋತ್ ಮುಗಿದು ಮರುದಿನ, 2023ರ ಅಕ್ಟೋಬರ್ 7. ನಮ್ಮಲ್ಲಿ ಅದು ಪಿತೃಪಕ್ಷ. ಅಂದು ಬೆಳಿಗ್ಗೆ ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನರನ್ನು ಗಾಜಾಕ್ಕೆ ಎಳೆದೊಯ್ದರು. ಸತ್ತವರಲ್ಲಿ, ಸೆರೆಯಾದವರಲ್ಲಿ ಬೆದುಯಿನ್ ಮುಸ್ಲಿಮರೂ ಇದ್ದರು. ಮುಂದಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳು ಬಹಳ. ಆಲುಮಿಮ್ ಎಂಬ ಊರಿನಲ್ಲಿ ಬೇಸಾಯ ಕಲಿಯಲು ಬಂದ ನೇಪಾಳದ 10 ವಿದ್ಯಾರ್ಥಿಗಳು ಆ ಮುಂಜಾನೆ ಪ್ರಾಣ ಕಳೆದುಕೊಂಡರು. ಬಂದು ಒಂದು ತಿಂಗಳೂ ಆಗಿರಲಿಲ್ಲ. ನಾನು ಅವರನ್ನು ಕಂಡವನಲ್ಲ. ಆದರೆ ಅವರೂ ನನ್ನಂತೆ ಹೊಲದಿಂದ ಹೊಲಕ್ಕೆ ಹೋದವರು.

ಅಂದಿನಿಂದ ಊರ ಕಟ್ಟೆಯಲ್ಲಿ ಕೇಳುತ್ತಾರೆ: “ನೀ ಯಾರ ಕಡೆ?” ನಾನು ಉಂಡ ಮನೆಗಳ ಕಡೆ ಎನ್ನುತ್ತೇನೆ. ಪೆಸಹಾದ ಮನೆಯ ಕಡೆ, ಇಫ್ತಾರಿನ ಮನೆಯ ಕಡೆ. ಕೆಲವರಿಗೆ ಈ ಉತ್ತರ ಸಾಲದು. ನನಗೆ ಇದಕ್ಕಿಂತ ಬೇರೆ ಉತ್ತರ ತಿಳಿಯದು.

ಆ ಪಕ್ಷದಲ್ಲಿ ಅವ್ವ ಹಿರಿಯರಿಗೆ ಎಡೆ ಹಿಡಿಯುವಾಗ ಒಂದು ಎಲೆ ಹೆಚ್ಚಿಗೆ ಹಾಕಿದಳು. ಯಾರಿಗೆಂದು ಅಪ್ಪ ಕೇಳಲಿಲ್ಲ. “ಆ ಹುಡುಗರಿಗೆ,” ಎಂದಳು ತಾನೇ, “ಅವರ ಅವ್ವಂದಿರು ದೂರ ಅದಾರ.” ನಾನು ಆ ಎಲೆಯ ಮುಂದೆ ನೀರು ಬಿಟ್ಟು ಕೈಮುಗಿದೆ.