ಹಳೆಯ ಟ್ರ್ಯಾಕ್ಟರಿನ ಎಂಜಿನ್ ಕಲಿಸುವ ಪಾಠ

(ಉಪನ್ಯಾಸದ ಪಠ್ಯ)



1953ರಲ್ಲಿ ತೇನ್‌ಸಿಂಗ್ ನೋರ್ಗೆಯವರೊಡನೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರ ಹೆಸರು ಶಾಲಾ ಮಕ್ಕಳಿಗೂ ಪರಿಚಿತ. ಅದೇ ಹಿಲರಿಯವರು 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿದ್ದು ಹೊಲ ಉಳುವ ಟ್ರ್ಯಾಕ್ಟರುಗಳಲ್ಲಿ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಿಮದ ಮೇಲೆ ಸಾಗಲು ಚಕ್ರಗಳಿಗೆ ಪಟ್ಟಿ ತೊಡಿಸಿದ್ದ ಆ ಪುಟ್ಟ ಯಂತ್ರಗಳು ಫರ್ಗುಸನ್ ಟಿಇ-20 ಮಾದರಿಯವು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಇಂತಹ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ತಯಾರಾದವು. ಇಂದು ಕರ್ನಾಟಕದ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ನೇಗಿಲನ್ನು ಎತ್ತಿ ಇಳಿಸುವ ಮೂರು ತೋಳುಗಳ ಜೋಡಣೆಯು ಹ್ಯಾರಿ ಫರ್ಗುಸನ್ ರೂಪಿಸಿದ ವ್ಯವಸ್ಥೆಯಿಂದಲೇ ಬಂದದ್ದು.

ಎಪ್ಪತ್ತು ವರ್ಷ ದಾಟಿದ ಈ ಯಂತ್ರಗಳು ಹಲವು ದೇಶಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಎಂಜಿನ್ನನ್ನು ಬಿಚ್ಚಿ ಮರಳಿ ಕಟ್ಟುವವರಲ್ಲಿ ಮೊದಲ ಬಾರಿಗೆ ಸ್ಪ್ಯಾನರ್ ಹಿಡಿದವರೂ ಇದ್ದಾರೆ. ಹೊಸಬರಿಗೆ ಇದು ಸಾಧ್ಯವಾಗುವುದು ಹೇಗೆ ಎಂಬ ಪ್ರಶ್ನೆಯಲ್ಲಿ ಪರಿಸರದ ಒಂದು ಮುಖ್ಯ ಪಾಠವಿದೆ.

ಉತ್ತರ ಆ ಎಂಜಿನ್ನಿನ ರಚನೆಯಲ್ಲಿಯೇ ಇದೆ. ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಆ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ಒಳಗೋಡೆಯು ಪ್ರತ್ಯೇಕ ಕೊಳವೆಯಾಗಿದ್ದು, ತಂಪುಗೊಳಿಸುವ ನೀರು ಅದರ ಹೊರಮೈಯನ್ನು ನೇರವಾಗಿ ಮುಟ್ಟುತ್ತದೆ. ಇದಕ್ಕೆ ‘ವೆಟ್ ಲೈನರ್’ ಎಂದು ಹೆಸರು. ಇಂತಹ ಲೈನರ್ ಇಲ್ಲದ ಎಂಜಿನ್ನಿನಲ್ಲಿ ಗೋಡೆ ಸವೆದರೆ ಇಡೀ ಬ್ಲಾಕನ್ನು ಪಟ್ಟಣಕ್ಕೆ ಸಾಗಿಸಿ ಯಂತ್ರದಿಂದ ಕೊರೆಸಬೇಕಾಗುತ್ತದೆ. ಇಲ್ಲಿಯಾದರೋ ಹಳೆಯ ಕೊಳವೆಯನ್ನು ಎಳೆದು ತೆಗೆದು ಹೊಸದನ್ನು ಕೂರಿಸಿದರೆ ಸಾಕು. ಭಾಗಗಳು ಸವೆಯುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಸವೆದುದನ್ನು ಬದಲಿಸುವ ದಾರಿಯನ್ನು ಅದನ್ನು ರೂಪಿಸಿದವರೇ ಇಟ್ಟಿದ್ದರು.

ಆದರೆ ಸರಳತೆಯೆಂದರೆ ಅಜಾಗರೂಕತೆಗೆ ಅವಕಾಶವೆಂದಲ್ಲ. ಹೊಸಬನು ಮೊದಲು ನೀರನ್ನೂ ಎಣ್ಣೆಯನ್ನೂ ಸಂಪೂರ್ಣ ಬಸಿಯಬೇಕು. ಸಿಲಿಂಡರ್ ಹೆಡ್ಡನ್ನು ತೆಗೆದ ಬಳಿಕ ಲೈನರುಗಳನ್ನು ಮೇಲಿನಿಂದ ಬಿಗಿದು ಹಿಡಿಯದೆ ಕ್ರ್ಯಾಂಕನ್ನು ತಿರುಗಿಸಬಾರದು. ತಿರುಗಿಸಿದರೆ ಪಿಸ್ಟನ್‌ಗಳು ಲೈನರನ್ನು ಮೇಲೆತ್ತಿ, ಕೆಳಗಿನ ಸೀಲು ಹಾಳಾಗಿ, ನೀರು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಕನೆಕ್ಟಿಂಗ್ ರಾಡಿನ ಮುಚ್ಚಳಗಳು ಒಂದರಂತೆ ಇನ್ನೊಂದು ಕಂಡರೂ ಅದಲುಬದಲಾಗಬಾರದು. ಬಿಚ್ಚುವ ಮುನ್ನವೇ ಪ್ರತಿಯೊಂದಕ್ಕೂ ಗುರುತು ಹಾಕಬೇಕು. ಈ ಟ್ರ್ಯಾಕ್ಟರಿಗೆ ಬೇರೆ ಚೌಕಟ್ಟಿಲ್ಲ, ಎಂಜಿನ್ನೇ ಅದರ ಬೆನ್ನೆಲುಬು. ಆದ್ದರಿಂದ ಎಂಜಿನ್ನನ್ನು ಬೇರ್ಪಡಿಸುವ ಮೊದಲು ಎರಡೂ ಭಾಗಗಳಿಗೆ ಭದ್ರವಾದ ಆಧಾರ ಕೊಡಬೇಕು.

ಕಟ್ಟುವಾಗ ಕಣ್ಣಳತೆ ಸಾಲದು. ಹೊಸ ಪಿಸ್ಟನ್ ರಿಂಗನ್ನು ಮೊದಲು ಲೈನರಿನೊಳಗೆ ನೇರವಾಗಿ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಪ್ರತಿ ಅಂಗುಲ ವ್ಯಾಸಕ್ಕೆ ಒಂದು ಅಂಗುಲದ ಸಾವಿರದಲ್ಲಿ 3ರಿಂದ 4 ಅಂಶ ಎಂಬುದು ಸಾಮಾನ್ಯ ಲೆಕ್ಕ. 85 ಮಿಲಿಮೀಟರ್ ವ್ಯಾಸದ ಸಿಲಿಂಡರಿಗೆ ಅದು ಸುಮಾರು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಸಂದು ತೀರ ಕಿರಿದಾದರೆ ಕಾವಿನಿಂದ ಹಿಗ್ಗಿದ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುತ್ತದೆ. ತೀರ ಅಗಲವಾದರೆ ಅನಿಲ ಸೋರಿ ಶಕ್ತಿ ಕುಂದುತ್ತದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು. ತಾಳ್ಮೆ ಮತ್ತು ಅಳತೆ ಇವೆರಡೇ ಇಲ್ಲಿ ಹೊಸಬನ ಬಂಡವಾಳ.

ಹಳೆಯ ಯಂತ್ರದಲ್ಲಿ ಅಪಾಯಗಳೂ ಅಡಗಿವೆ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಒಣಗಿದ ಗ್ಯಾಸ್ಕೆಟನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಏಳುವ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಸೇರಿ, ದಶಕಗಳ ಬಳಿಕ ಕ್ಯಾನ್ಸರನ್ನೂ ತರಬಲ್ಲವು. ಅದನ್ನು ನೆನೆಸಿ, ಮುಖವಾಡ ಧರಿಸಿ, ಪುಡಿಯಾಗದಂತೆ ಬಿಡಿಸಿ, ಚೀಲದಲ್ಲಿ ಕಟ್ಟಿಡಬೇಕು.

ಇನ್ನು ಬಸಿದ ಎಣ್ಣೆಯ ವಿಚಾರ. ಮಲೆನಾಡಿನ ಪಾಲಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಪಂಪುಸೆಟ್ಟು, ಟಿಲ್ಲರು, ಜೀಪುಗಳ ಕಪ್ಪು ಎಣ್ಣೆಯನ್ನು ಕೊಟ್ಟಿಗೆಯ ಹಿಂದೆ ಸುರಿಯುವುದು, ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು ಇಂದಿಗೂ ರೂಢಿಯಲ್ಲಿದೆ. ಒಂದು ಸಲ ಬದಲಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಗುಡ್ಡದ ಮೇಲೆ ಸುರಿದದ್ದು ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ನೀರೇ ಕೆಳಗಿನ ಊರಿನ ತೋಟಕ್ಕೂ ಬಾವಿಗೂ ಆಧಾರ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯ. ಊರಿಗೊಂದು ಮುಚ್ಚಳವಿರುವ ಡ್ರಮ್ಮು ಇಟ್ಟು, ತುಂಬಿದ ಮೇಲೆ ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವುದು ಗ್ರಾಮಸ್ಥರು ಒಟ್ಟಾಗಿ ಮಾಡಬಹುದಾದ ಕೆಲಸ.

ಕುದುರೆಮುಖದ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯ ದಿನಕ್ಕೆ ನಿಂತಿತು. ಬೆಟ್ಟ ಅಗೆದಾಗ ಭದ್ರೆಯ ನೀರು ಕೆಂಪಾಗಿ ಹರಿದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಪ್ರತಿಯೊಂದು ಯಂತ್ರವೂ ಎಲ್ಲೋ ಒಂದು ಬೆಟ್ಟದ ಅದಿರಿನಿಂದಲೇ ಬಂದಿದೆ. ಗುಜರಿಯ ಕಬ್ಬಿಣವನ್ನು ಕರಗಿಸಿ ಮರುಬಳಸಬಹುದು ನಿಜ, ಆದರೆ ಅದಕ್ಕೂ ಅಪಾರ ಶಕ್ತಿ ಬೇಕು. ಹಳೆಯದೆಲ್ಲ ಒಳ್ಳೆಯದೆಂದೂ ಇದರ ಅರ್ಥವಲ್ಲ. ಹೊಗೆಯುಗುಳುವ ಎಂಜಿನ್ನನ್ನು ಹಾಗೆಯೇ ಓಡಿಸುವುದು ಪರಿಸರಸೇವೆಯಾಗದು. ದುರಸ್ತಿ ಮಾಡಬಲ್ಲದ್ದನ್ನು ಎಸೆಯದಿರುವುದು, ದುರಸ್ತಿಗೆ ಒಗ್ಗುವಂತಹದ್ದನ್ನೇ ಕೊಳ್ಳುವುದು, ಇವೆರಡೂ ಬೆಟ್ಟವನ್ನು ಉಳಿಸುವ ದಾರಿಗಳು.

ಮುಚ್ಚಿಟ್ಟ ವಿದ್ಯುನ್ಮಾನ ಪೆಟ್ಟಿಗೆಗಳೊಡನೆ ಬರುವ ಯಂತ್ರವು ರೈತನನ್ನು ಕಂಪನಿಯ ಬಾಗಿಲಿಗೆ ಕಟ್ಟಿಹಾಕುತ್ತದೆ. 2022ರಲ್ಲಿ ಭಾರತ ಸರ್ಕಾರವು ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆದರೆ ದುರಸ್ತಿ ತಿಳಿದವರೇ ಇಲ್ಲದ ಊರಿಗೆ ಆ ಹಕ್ಕು ದೊರೆತರೂ ಉಪಯೋಗಕ್ಕೆ ಬಾರದು. ಊರಿನ ಹಿರಿಯ ಮೆಕ್ಯಾನಿಕ್ಕುಗಳ ವಿದ್ಯೆ ಅವರೊಡನೆಯೇ ಮುಗಿಯುವ ಮುನ್ನ, ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಕೆಟ್ಟು ನಿಂತಿರುವ ಒಂದು ಪಂಪುಸೆಟ್ಟನ್ನಾದರೂ ಅವರೆದುರು ಕುಳಿತು ಬಿಚ್ಚಿ, ಅಳೆದು, ಮರಳಿ ಕಟ್ಟಲಿ.